ಹೆಬ್ಬೆರಳಿನ ಕಾಲುಚೀಲ

ನಮ್ಮ ಅತ್ತೆಗೂ ನನಗೂ ಒಂದು ವಿಷಯದಲ್ಲಿ ಪೂರ್ತಿ ಒಮ್ಮತವಿತ್ತು. ಮನೆಯಲ್ಲಿ ಬುದ್ಧಿ ಇರುವುದು ಒಬ್ಬರಿಗೆ ಮಾತ್ರ ಎಂದು ಇಬ್ಬರೂ ನಂಬಿದ್ದೆವು. ಆ ಒಬ್ಬರು ಯಾರು ಎನ್ನುವುದರಲ್ಲಷ್ಟೇ ತಕರಾರಿತ್ತು. ಉಳಿದಂತೆ ಚೆನ್ನಾಗಿಯೇ ಇದ್ದೆವು.

ನಾನು ಮಾಗಡಿ ಸೀಮೆಯ ತಿಪ್ಪಸಂದ್ರದ ಹುಡುಗಿ. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದಾಗ ನನಗೆ ಸೀರೆಯ ನೆರಿಗೆ ನೆಟ್ಟಗೆ ನಿಲ್ಲಿಸಲೂ ಬರುತ್ತಿರಲಿಲ್ಲ. ಆದರೆ ನಮ್ಮೂರ ಶಾಲೆಯ ಮೇಷ್ಟ್ರ ಹೆಂಡತಿ ನನಗೆ ಅಕ್ಷರ ಕಲಿಸಿದ್ದರು, ಅದರ ಜೊತೆಗೆ ಉಣ್ಣೆಯಲ್ಲಿ ಕಾಲುಚೀಲ ಹೆಣೆಯುವುದನ್ನೂ ಕಲಿಸಿದ್ದರು. ತಿಪ್ಪಸಂದ್ರದಲ್ಲಿ ಕಾಲುಚೀಲ ಹಾಕುವ ಪ್ರಾಣಿ ಒಂದೂ ಇರಲಿಲ್ಲ. ಆದ್ದರಿಂದ ಹೆಣೆದದ್ದನ್ನು ಬಿಚ್ಚಿ, ಅದೇ ಉಣ್ಣೆಯನ್ನು ಉಂಡೆ ಸುತ್ತಿ, ಮತ್ತೆ ಹೆಣೆಯುತ್ತಿದ್ದೆವು. ಒಂದೇ ಉಂಡೆಯಲ್ಲಿ ನಾನು ಎಷ್ಟು ಜೊತೆ ಮಾಡಿದೆನೋ ದೇವರಿಗೇ ಗೊತ್ತು.

ಗಂಡನ ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕಡಿಮೆಯಿರಲಿಲ್ಲ. ಮಾವ ಒಳ್ಳೆಯವರು. ಗಂಡನೂ ಒಳ್ಳೆಯವರೇ, ಆದರೆ ಮನೆಯಲ್ಲಿ ಮಾತು ಜೋರಾಗುವ ಸೂಚನೆ ಸಿಕ್ಕ ಕೂಡಲೇ ಅವರಿಗೆ ಹೊಂಗನೂರಿನ ಗದ್ದೆಗೆ ನೀರು ಕಟ್ಟುವುದು ನೆನಪಾಗುತ್ತಿತ್ತು. ನನ್ನ ಸಂಕಟ ಒಂದೇ, ತವರು. ಮದುವೆಯಾದ ವರ್ಷ ಶಾಸ್ತ್ರಕ್ಕೆಂದು ಆಷಾಢದಲ್ಲಿ ಕಳಿಸಿದ್ದರು. ಆಮೇಲೆ ಇಲ್ಲ. ಗೌರಿ ಹಬ್ಬ ಬಂತೆಂದರೆ ನಮ್ಮಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದ. ಅತ್ತೆ ಅವನಿಗೆ ಹೊಟ್ಟೆ ಬಿರಿಯುವಂತೆ ಉಣ್ಣಲಿಕ್ಕಿ ಖಾಲಿ ಬಂಡಿಯನ್ನು ವಾಪಸು ಕಳಿಸುತ್ತಿದ್ದರು. ಒಂದು ವರ್ಷ ಹಸು ಕರು ಹಾಕುವುದಿತ್ತು. ಮರುವರ್ಷ ಅದೇ ಕರುವಿಗೆ ಹೊಟ್ಟೆ ಉಬ್ಬರ. ಹಬ್ಬದ ದಿನ ನಾನು ಕೊಟ್ಟಿಗೆಯಲ್ಲಿ ಕೂತು ಆ ಕರುವಿನ ಮುಖ ನೋಡಿಕೊಂಡು ಗೊಳೋ ಎಂದು ಅತ್ತಿದ್ದೆ. ಕರು ಆರಾಮವಾಗಿ ಹುಲ್ಲು ತಿನ್ನುತ್ತಿತ್ತು.

ಇಂಥ ಕಾಲದಲ್ಲಿ ಎಲ್ಲೋ ದೂರದಲ್ಲಿ ಯುದ್ಧ ಶುರುವಾಗಿತ್ತು. ನಮ್ಮ ಸಂಸ್ಥಾನದ ಕುದುರೆ ಸವಾರರೂ ಹಡಗು ಹತ್ತಿ ಮರಳುಗಾಡಿಗೆ ಹೋಗಿದ್ದಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಶ್ರಾವಣ ಹಿಡಿಯುವ ಹೊತ್ತಿಗೆ ತಾಲ್ಲೂಕು ಕಚೇರಿಯವರು ಡಂಗುರ ಹೊಡೆಸಿದರು. ಸಿಪಾಯಿಗಳಿಗೆ ಕಾಲುಚೀಲ ಹೆಣೆದುಕೊಡಬೇಕು, ಉಣ್ಣೆ ಸರ್ಕಾರದ್ದು, ಚನ್ನಪಟ್ಟಣ, ಮಾಗಡಿ, ಕಾನಕಾನಹಳ್ಳಿ, ಕ್ಲೋಸ್‌ಪೇಟೆಯ ಹೆಂಗಸರಿಗೆಲ್ಲ ಒಂದು ಪಂದ್ಯ, ಎಲ್ಲರಿಗಿಂತ ಚೆನ್ನಾಗಿ ಮಾಡಿದವರಿಗೆ ಬೆಳ್ಳಿಯ ಪನ್ನೀರುದಾನಿ. ಕಾನಕಾನಹಳ್ಳಿ ಎಂದರೆ ಈಗಿನ ಕನಕಪುರ, ಕ್ಲೋಸ್‌ಪೇಟೆ ಎಂದರೆ ಈಗಿನ ರಾಮನಗರ. ನಮ್ಮತ್ತೆಯ ಬಾಯಲ್ಲಿ ಅದು ಕುಲಾಸುಪೇಟೆ.

ಮಾವ ನನಗೆ ಉಣ್ಣೆ ತಂದುಕೊಟ್ಟರು. ನಾನು ಜಗಲಿಯಲ್ಲಿ ಕೂತು ಮೊದಲನೆಯ ಚೀಲ ಶುರುಮಾಡಿದೆ. ನಾಲ್ಕು ಕಡ್ಡಿಯ ಮೇಲೆ ಕಣ್ಣು, ಅಂದರೆ ನೂಲಿನ ಕುಣಿಕೆ, ಎಬ್ಬಿಸಿಕೊಂಡು ಐದನೆಯದರಲ್ಲಿ ಸುತ್ತ ಹೆಣೆಯುತ್ತ ಹೋಗುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಂದರು. ಹೊಲಿಗೆಯಿಲ್ಲದೆ ಚೀಲ ಆಗುತ್ತದಲ್ಲ ಎಂದು ಮೂಗಿನ ಮೇಲೆ ಬೆರಳಿಟ್ಟರು. ನಮ್ಮ ಮನೆಗೆ ಬಂದವರು ಅತ್ತೆಯನ್ನು ಮಾತಾಡಿಸದೆ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ನಾನಂತೂ ಉಬ್ಬಿಹೋದೆ. ಬೇಕೆಂದೇ ಕಡ್ಡಿಗಳನ್ನು ಟಕಟಕ ಎನ್ನಿಸುತ್ತಿದ್ದೆ.

ಮೊದಲನೆಯ ಚೀಲ ಮುಗಿದ ದಿನ ಅತ್ತೆಯ ತಾಳ್ಮೆಯೂ ಮುಗಿಯಿತು.

"ಇದೇನ್ ಮಹಾ ಕಂಡಿರೋದು! ಕೈಗೆ ಅತ್ತು ಬೆರಳಿರೋರೆಲ್ಲ ಮಾಡ್ತಾರೆ ಬುಡು" ಎಂದರು.

ಎಲೆ ಅಡಿಕೆ ಜಗಿಯುತ್ತ ಕೂತಿದ್ದ ಮಾವ ತಲೆಯೆತ್ತಿದರು. ಅವರಿಗೆ ಬೆಂಕಿಯಿಲ್ಲದ ಕಡೆ ಹೊಗೆ ಎಬ್ಬಿಸುವುದೆಂದರೆ ಬಲು ಇಷ್ಟ. "ನಿಂಗೂ ಅತ್ತು ಬೆರಳು ಅವಲ್ಲಮ್ಮಿ. ನೀನೂ ಒಂದ್ ಕೈ ನೋಡ್ಬುಡು" ಎಂದರು.

ಅವಕಾಶ ಬಿಡಬಾರದೆಂದು ನನಗೆ ಥಟ್ಟನೆ ಹೊಳೆಯಿತು. "ಅತ್ತೆಮ್ಮ, ನಾನು ಗೆದ್ರೆ ಈ ಸಲ ಗೌರಿ ಅಬ್ಬಕ್ಕೆ ನಮ್ಮೂರಿಗೆ ಕಳಿಸ್ತೀರಾ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕಳಿಸ್ತೀನಿ. ನೀನು ಗೆಲ್ಲದಿದ್ರೆ ಮಾತ್ರ ತವರು ಅನ್ನೋ ಮಾತು ಇನ್ ಎತ್ತಂಗಿಲ್ಲ, ಏನಮ್ಮಿ?"

ನಾನು ಆಗಲಿ ಎಂದೆ. ಗಂಡ ಆಗಲೇ ಹೊಂಗನೂರಿನ ದಾರಿ ಹಿಡಿದಿದ್ದರು.

ನನ್ನ ಹತ್ತಿರ ಮೇಷ್ಟ್ರ ಹೆಂಡತಿ ಕೊಟ್ಟ ಉಕ್ಕಿನ ಕಡ್ಡಿಗಳಿದ್ದವು. ಅತ್ತೆ ಹಿಂದಿನ ಬೀದಿಯ ಗೊಂಬೆ ಸಾಬರ ಮನೆಗೆ ಹೋಗಿ, ಅವರು ಗಿಲಕಿ, ಬುಗುರಿ ಕಡೆಯುವ ಮರದಲ್ಲೇ ಐದು ಕಡ್ಡಿ ಕಡೆಸಿ, ಕೆಂಪು ಅರಗು ಹಚ್ಚಿಸಿಕೊಂಡು ಬಂದರು. ಲಕ್ಷಣವಾಗಿರಲಿ ಎಂದು ಎರಡು ತುದಿಗೂ ಒಂದೊಂದು ಹಸಿರು ಗುಂಡು ಇಡಿಸಿದ್ದರು. ನೋಡಲು ಬಲು ಚಂದ, ಆದರೆ ಕಣ್ಣುಗಳು ಆ ಗುಂಡು ದಾಟಿ ಹೊರಗೆ ಬರಬೇಕಲ್ಲ! ಒಂದು ಸುತ್ತು ಹಾಕುವಷ್ಟರಲ್ಲಿ ಅತ್ತೆಯ ಹಣೆಯಲ್ಲಿ ಬೆವರು. ಗುಂಡು ಕತ್ತರಿಸಲು ಕಡ್ಡಿಗಳು ಸಾಬರ ಮನೆಗೆ ವಾಪಸು ಹೋದವು.

"ಅಮ್ಮಾ, ನಾನು ಹೇಳಿದ್ದೆನಲ್ಲ, ಚೂಪು ಇರಲಿ ಅಂತ" ಎಂದರಂತೆ ಸಾಬರು.

"ನಿಮ್ ಮಾತ್ ಯಾರ್ ಕೇಳಿದ್ರು?" ಎಂದು ಅತ್ತೆ ಕಡ್ಡಿ ಕಿತ್ತುಕೊಂಡು ಬಂದರು.

ಇನ್ನೊಂದು ತೊಡಕಿತ್ತು. ಅತ್ತೆಗೆ ಹೆಣೆಯಲು ಬರುತ್ತಿರಲಿಲ್ಲ. ಊರಲ್ಲಿ ಹೆಣೆಯಲು ಬರುತ್ತಿದ್ದವಳು ನಾನೊಬ್ಬಳೇ, ನಾನೋ ಎದುರಾಳಿ. ನನ್ನನ್ನು ಕೇಳಿದರೆ ಮಾನ ಹೋಗುತ್ತದೆ, ಕೇಳದಿದ್ದರೆ ಚೀಲ ಆಗುವುದಿಲ್ಲ. ಅತ್ತೆ ಅದಕ್ಕೊಂದು ಉಪಾಯ ಕಂಡುಕೊಂಡರು. ನಡುಮನೆಯಲ್ಲಿ ಕೂತು ಕಂಬದ ಜೊತೆ ಮಾತಾಡತೊಡಗಿದರು.

"ಏ ಕಂಬ, ಕಣಕಾಲು ಗಂಟ ಬಂತು. ಇನ್ ಕಾಲಿನ ಇಂಬಡಿ ಎಂಗ್ ತಿರುಗ್ಸೋದು, ನಿಂಗೇನಾರ ಗೊತ್ತೈತಾ?"

ನಾನು ರಾಗಿ ಬೀಸುತ್ತಿದ್ದೆ. ಕಲ್ಲಿನ ಗೂಟ ಹಿಡಿದುಕೊಂಡು ಕಲ್ಲಿಗೇ ಹೇಳಿದೆ, "ಬೀಸೋಕಲ್ಲೇ, ಅರ್ಧ ಕಣ್ಣು ಒಂದೇ ಕಡ್ಡಿಗೆ ತಗೊಂಡು ಅಷ್ಟನ್ನೇ ಇಂದಕ್ಕೂ ಮುಂದಕ್ಕೂ ಎಣೀಬೇಕು ಕಣೆ. ಒಂದ್ ಪಟ್ಟಿ ಆದ್ಮೇಲೆ ಮಧ್ಯದಾಗೆ ಎರಡೆರಡು ಕಣ್ಣು ಕೂಡ್ಸಬೇಕು."

"ಕಂಬ, ಒಸಿ ನಿಧಾನವಾಗಿ ಏಳ್ಬಾರ್ದಾ? ಬೆಂಕಿ ಬಿದ್ದಂಗೆ ಏಳ್ತೀಯಲ್ಲ" ಎಂದರು ಅತ್ತೆ.

ಹೀಗೆ ಕಂಬವೂ ಕಲ್ಲೂ ಸೇರಿ ಅತ್ತೆಗೆ ವಿದ್ಯೆ ಕಲಿಸಿದವು. ನಿಜ ಹೇಳಬೇಕೆಂದರೆ ಅವರ ಕೈ ಬಲು ಚುರುಕು. ನಾನು ಆರು ತಿಂಗಳಲ್ಲಿ ಕಲಿತದ್ದನ್ನು ಅವರು ನಾಲ್ಕು ದಿನದಲ್ಲಿ ಹಿಡಿದರು. ನನಗೆ ಒಳಗೊಳಗೇ ಪುಕಪುಕ ಶುರುವಾಯಿತು. ಎರಡನೆಯ ಚೀಲವನ್ನು ಹಲ್ಲು ಕಚ್ಚಿಕೊಂಡು ಹೆಣೆದೆ.

ಅಳತೆಗೆ ಅತ್ತೆ ಮಾವನ ಪಾದವನ್ನು ಆರಿಸಿಕೊಂಡರು. ದಿನಾ ಊಟವಾದ ಮೇಲೆ ಮಾವ ಕಾಲು ಚಾಚಿ ಕೂರಬೇಕು, ಅತ್ತೆ ಚೀಲ ತೊಡಿಸಿ ನೋಡಬೇಕು. ಹುಟ್ಟಿದಾರಭ್ಯ ಹೆಂಡತಿಯಿಂದ ಪಾದಸೇವೆ ಕಾಣದ ಮನುಷ್ಯ ಕಣ್ಣು ಮುಚ್ಚಿ ಆನಂದಪಡುತ್ತಿದ್ದರು. ಒಂದು ದಿನ ಕಡ್ಡಿ ಸಮೇತ ಚೀಲ ತೊಟ್ಟೇ ನಿದ್ದೆ ಹೋಗಿ, ಮಗ್ಗುಲಾಗಲು ಹೋಗಿ, ಕಿಟಾರನೆ ಕಿರುಚಿಕೊಂಡರು. ಮಾವನ ಪಾದ ಉತ್ತು ಬೆಳೆದ ಪಾದ. ಅಗಲ. ಮೆಟ್ಟು ಮೆಟ್ಟಿ ಮೆಟ್ಟಿ ಹೆಬ್ಬೆರಳು ಮಿಕ್ಕ ಬೆರಳುಗಳಿಂದ ಬೇರೆಯಾಗಿ ನಿಂತಿತ್ತು. ಆ ಬೆರಳ ಹತ್ತಿರ ಬಂದಾಗ ಅತ್ತೆ ನಿಂತರು. ಯೋಚಿಸಿದರು. ಆಮೇಲೆ ಹೆಬ್ಬೆರಳಿಗೇ ಬೇರೆ ಒಂದು ಪುಟ್ಟ ಚೀಲ, ಮಿಕ್ಕ ನಾಲ್ಕಕ್ಕೆ ಸೇರಿಸಿ ಒಂದು ಚೀಲ ಹೆಣೆದರು.

ನಾನು ನೋಡಿ ಬೆಪ್ಪಾದೆ. ಬೀಸುವ ಕಲ್ಲನ್ನು ಬಿಟ್ಟು ನೇರವಾಗಿ ಅವರಿಗೇ ಹೇಳಿದೆ. "ಅತ್ತೆಮ್ಮ, ಎಬ್ಬೆಟ್ಟು ಬ್ಯಾರೆ ಮಾಡ್ಬಾರ್ದು. ಮುಂದ್ಗಡೆ ಎಲ್ಲಾ ಒಂದೇ ಗುಂಡಗೆ ಮುಚ್ಚಬೇಕು."

"ಮೆಟ್ಟಿನ ಉಂಗುಷ್ಟಕ್ಕೆ ಬೆರಳು ತೂರ್ಸೋದು ಬ್ಯಾಡ್ವಾ? ಒಂದೇ ಗುಂಡಗೆ ಮುಚ್ಚಿದ್ರೆ ಸಿಪಾಯಿ ಮೆಟ್ಟು ಎಂಗೆ ಆಕ್ಕಂತಾನೆ, ತಲೆಗಾ?"

"ಸಿಪಾಯಿಗಳು ಬೂಟ್ಸು ಆಕ್ತಾರೆ, ಅತ್ತೆಮ್ಮ."

"ಠಾಣೆ ಪೊಲೀಸಪ್ಪ ದಿನಾ ಈ ಬೀದೀಲೇ ಓಡಾಡ್ತಾನೆ. ಕಾಲಿಗೆ ಪಟ್ಟಿ ಸುತ್ಕೊಂಡು ಮೆಟ್ಟೇ ಮೆಟ್ಟಿರ್ತಾನೆ. ನನ್ಗೇನು ಕಣ್ಣಿಲ್ವಾ?"

ಪೊಲೀಸಪ್ಪ ಮೆಟ್ಟು ಹಾಕುತ್ತಿದ್ದದ್ದು ಸತ್ಯ. ನಾನು ಗೌರಮ್ಮನ ಮೇಲೆ ಆಣೆಯಿಟ್ಟೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಸೊಸೆ ಇಷ್ಟು ಬಡ್ಕತಾವ್ಳೆ ಅಂದ್ರೆ ನಂದೇ ಸರಿ ಐತೆ" ಎಂದು ಕಂಬಕ್ಕೆ ಹೇಳಿದರು. ನಾನು ಹೆಚ್ಚು ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಯಿತು. ಮಾವನನ್ನು ಕೇಳಿದರೆ, ಬೆಚ್ಚಗಿನ ಹೆಬ್ಬೆರಳನ್ನು ಆಡಿಸುತ್ತ, "ಸುಖವಾಗೈತೆ" ಎಂದರು. ಇನ್ನು ನಾನು ಯಾರಿಗೆ ಹೇಳಲಿ?

ಪಂದ್ಯದ ದಿನ ರೈಲು ಹತ್ತಿ ಕ್ಲೋಸ್‌ಪೇಟೆಗೆ ಹೋದೆವು. ಶಾಲೆಯ ಹಜಾರದ ತುಂಬ ಹೆಂಗಸರು. ಒಂದು ಕಡೆ ಪರದೆ ಕಟ್ಟಿದ್ದರು, ಅದರಾಚೆ ಗೋಷಾದ ಹೆಂಗಸರು. ಮುಂದೆ ಮೇಜು, ಮೇಜಿನ ಹಿಂದೆ ಒಬ್ಬ ದೊರೆಸಾನಿ, ಪಕ್ಕದಲ್ಲಿ ಅಮಲ್ದಾರರ ಹೆಂಡತಿ. ಪೆನ್ಷನ್ ತೆಗೆದುಕೊಂಡ ಒಬ್ಬ ಹವಾಲ್ದಾರರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಒಳ್ಳೆಯದೆಂದು ಕಂಡ ಚೀಲವನ್ನು ಆತ ತೊಟ್ಟು, ಮೇಲೆ ಬೂಟು ಹಾಕಿ, ನಾಲ್ಕು ಹೆಜ್ಜೆ ನಡೆದು ಹೇಳಬೇಕು. ಆ ಬೂಟು ನೋಡಿದ ಕೂಡಲೇ ಅತ್ತೆಯ ಮುಖ ಸಣ್ಣದಾಯಿತು. ನನ್ನ ಕಡೆ ತಿರುಗಿ ನೋಡಲಿಲ್ಲ.

ಅತ್ತೆಯ ಚೀಲದ ಸರದಿ ಬಂತು. ದೊರೆಸಾನಿ ಅದನ್ನು ಎರಡು ಬೆರಳಲ್ಲಿ ಎತ್ತಿ ತಿರುಗಿಸಿ ಮುರುಗಿಸಿ ನೋಡಿ, ಹವಾಲ್ದಾರರ ಕೈಗೆ ಕೊಟ್ಟರು. ಆತ ಶಿಸ್ತಿನ ಮನುಷ್ಯ, ಅಪ್ಪಣೆ ಎಂದರೆ ಅಪ್ಪಣೆ. ಚೀಲ ತೊಟ್ಟರು. ಹೆಬ್ಬೆರಳು ಒಂಟಿಯಾಗಿ ಎದ್ದು ನಿಂತಿತು. ಬೂಟಿಗೆ ತುರುಕಿದರು, ಹೋಗಲಿಲ್ಲ. ಇನ್ನೂ ಜೋರಾಗಿ ತುರುಕಿ "ಅಯ್ಯಪ್ಪಾ" ಎಂದರು. ಹಜಾರವೆಲ್ಲ ಗೊಳ್ಳೆಂದಿತು. ಪರದೆಯೂ ಅಲುಗಾಡಿತು.

ಅತ್ತೆ ಎದ್ದು ನಿಂತರು. "ಅಮ್ಮಾವ್ರೆ, ಅದು ಮೆಟ್ಟು ಮೆಟ್ಟಕ್ಕೆ" ಎಂದರು. ನಗು ಎರಡರಷ್ಟಾಯಿತು.

ಆ ಹೊತ್ತಿಗೆ ನಾನು ಹಿಗ್ಗಬೇಕಾಗಿತ್ತು. ತವರಿನ ಬಾಗಿಲು ತೆರೆದ ಹಾಗೆಯೇ ಆಗಿತ್ತು. ಆದರೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಮ್ಮತ್ತೆಯನ್ನು ನೋಡಿ ನಗುವ ಹಕ್ಕು ನನ್ನದು, ಕಷ್ಟಪಟ್ಟು ಸಂಪಾದಿಸಿದ್ದು. ಕಂಡಕಂಡವರಿಗೆ ಅದನ್ನು ಯಾರು ಕೊಟ್ಟರು? ಎದ್ದು ನಿಂತು, "ನಗೋರೆಲ್ಲ ಒಸಿ ನಿಮ್ ನಿಮ್ ಕಾಲು ನೋಡ್ಕಳಿ. ಬೂಟ್ಸು ಆಕಿರೋರು ಯಾರವ್ರೆ ಇಲ್ಲಿ?" ಎಂದುಬಿಟ್ಟೆ. ಮುಂದಿನ ಸಾಲಿನವರು ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡರು. ಅತ್ತೆ ನನ್ನ ಸೆರಗು ಜಗ್ಗಿ, "ಕೂತ್ಕಳಮ್ಮಿ, ಇರೋ ಮಾನಾನೂ ಕಳೀಬ್ಯಾಡ" ಎಂದು ಪಿಸುಗುಟ್ಟಿದರು.

ನನ್ನ ಚೀಲಗಳೂ ಬಂದವು. ಅಮಲ್ದಾರರ ಹೆಂಡತಿ ಎರಡನ್ನೂ ಜೊತೆಯಾಗಿ ಹಿಡಿದು ನೋಡಿ, "ಕೆಲಸ ಅಚ್ಚುಕಟ್ಟು. ಆದರೆ ಒಂದು ದೊಡ್ಡದು, ಒಂದು ಚಿಕ್ಕದು" ಎಂದರು. ಕಣ್ಣುಗಳ ಲೆಕ್ಕ ಒಂದೇ, ಕಡ್ಡಿ ಒಂದೇ, ಉಣ್ಣೆ ಒಂದೇ. ಆದರೆ ಮೊದಲನೆಯದನ್ನು ಪಂದ್ಯ ಕಟ್ಟುವ ಮುಂಚೆ ನಗುನಗುತ್ತ ಸಡಿಲವಾಗಿ ಹೆಣೆದಿದ್ದೆ. ಎರಡನೆಯದನ್ನು ಅತ್ತೆಯ ಮೇಲಿನ ಹಟದಲ್ಲಿ ನೂಲು ಬಿಗಿದು ಬಿಗಿದು ಹೆಣೆದಿದ್ದೆ. ಹವಾಲ್ದಾರರ ಕಾಲು ಅದರೊಳಗೆ ಹೋಗಲೇ ಇಲ್ಲ.

ಪನ್ನೀರುದಾನಿ ಕ್ಲೋಸ್‌ಪೇಟೆಯಲ್ಲಿ ರೇಷ್ಮೆ ಬಿಚ್ಚುವ ಸಾಬರ ಮನೆಯ ಹೆಂಗಸೊಬ್ಬರಿಗೆ ಹೋಯಿತು. ಪರದೆಯ ಸಂದಿಯಿಂದ ಬಳೆ ತುಂಬಿದ ಕೈಯೊಂದು ಬಂದು ಅದನ್ನು ತೆಗೆದುಕೊಂಡು ಒಳಗೆ ಹೋಯಿತು. ಆ ಕೈಯನ್ನು ನೋಡಿ ನನಗೆ ಅಳು ಬಂತು.

ನಾವು ಊರು ಸೇರುವ ಮುಂಚೆಯೇ ಸುದ್ದಿ ಸೇರಿತ್ತು. ಬಾವಿಕಟ್ಟೆಯಲ್ಲಿ ಅತ್ತೆ ಕೊಡ ಇಟ್ಟರೆ ಹೆಂಗಸರು ಅವರ ಪಾದ ನೋಡಿ ಕಿಸಕ್ಕೆನ್ನುತ್ತಿದ್ದರು. ಬೀದಿಯ ಮಕ್ಕಳು ಹೆಬ್ಬೆರಳು ಆಡಿಸಿ ತೋರಿಸಿ ಓಡುತ್ತಿದ್ದರು. ಗೊಂಬೆ ಸಾಬರೊಬ್ಬರು ಮಾತ್ರ ಮುಖ ಗಂಭೀರ ಮಾಡಿಕೊಂಡು, "ಅಮ್ಮಾ, ಪಾದದ ಗೊಂಬೆ ಮಾಡಿದರೆ ವ್ಯಾಪಾರ ಆಗುತ್ತೆ" ಎಂದರು. ಅತ್ತೆ ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ನಾನು ತವರು ಎನ್ನುವ ಮಾತನ್ನು ನುಂಗಿಕೊಂಡು ರಾಗಿ ಬೀಸಿದೆ. ಗೆಲ್ಲಲಿಲ್ಲ, ಮುಗಿಯಿತು.

ಹಬ್ಬ ಹತ್ತಿರವಾಯಿತು. ಪಾಪ, ನಮ್ಮಣ್ಣನಿಗೆ ಇದೇನೂ ಗೊತ್ತಿಲ್ಲ, ಪ್ರತಿ ವರ್ಷದ ಹಾಗೆ ಬಂಡಿ ಕಟ್ಟಿಕೊಂಡು ಬಂದ. ಅವನಿಗೆ ಊಟ ಬಡಿಸುವಾಗ ನನ್ನ ಕಣ್ಣೀರು ಸಾರಿಗೆ ಬೀಳದಂತೆ ನೋಡಿಕೊಳ್ಳುವುದೇ ಕಷ್ಟವಾಯಿತು. ಅಷ್ಟರಲ್ಲಿ ಅತ್ತೆ ಒಳಗಿಂದ ಬಂದರು. ಹೊಸ ಸೀರೆ ಉಟ್ಟಿದ್ದರು, ಕಂಕುಳಲ್ಲಿ ಗಂಟು.

"ಏಳಮ್ಮಿ, ಬಂಡಿ ಅತ್ತು" ಎಂದರು.

"ಅತ್ತೆಮ್ಮ, ನಾನು ಗೆಲ್ಲಲಿಲ್ವಲ್ಲ?"

"ನಾನ್ ಗೆದ್ನಾ? ಅಬ್ಬದ ದಿನ ಅರಿಸಿನ ಕುಂಕುಮಕ್ಕೆ ಬರೋ ಮುತ್ತೈದೇರೆಲ್ಲ ನನ್ ಮುಖ ಬುಟ್ಟು ಕಾಲೇ ನೋಡ್ತಾರೆ. ನಿಮ್ಮೂರ್ನಾಗೆ ಈ ಸುದ್ದಿ ಯಾರ್ಗೂ ಗೊತ್ತಿಲ್ವಲ್ಲ? ನಾನೂ ಬತ್ತೀನಿ, ನಡಿ."

ನನಗೆ ಜೈಲಿನಿಂದ ಬಿಡುಗಡೆಯಾಗಿ, ಜೊತೆಗೆ ಜೈಲರೂ ಹೊರಟು ನಿಂತ ಹಾಗಾಯಿತು. ಅಣ್ಣನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು. ಮಾವ ಮಾತ್ರ, "ಓಗಿ ಬನ್ನಿ, ಓಗಿ ಬನ್ನಿ" ಎಂದು ವಿಪರೀತ ಉತ್ಸಾಹದಿಂದ ಎತ್ತುಗಳ ಬೆನ್ನು ತಟ್ಟಿದರು.

ಮಾಗಡಿಯಲ್ಲಿ ಒಂದು ರಾತ್ರಿ ತಂಗಿ ತಿಪ್ಪಸಂದ್ರ ಸೇರಿದೆವು. ಅತ್ತೆ ನಮ್ಮ ಮನೆಯ ಚಾಪೆಯ ಮೇಲೆ ತಪಾಸಣೆಗೆ ಬಂದವರ ಹಾಗೆ ಬಿಗಿಯಾಗಿ ಕೂತರು. ನಮ್ಮವ್ವ ಹೆದರಿ ಎರಡು ಸಲ ಉಪ್ಪು ಹಾಕಿ ಸಾರು ಕೆಡಿಸಿದಳು. ಮಾರನೆಯ ಬೆಳಗ್ಗೆ ಅತ್ತೆ ಗಂಟು ಬಿಚ್ಚಿ, ಪಂದ್ಯದಿಂದ ವಾಪಸು ಬಂದಿದ್ದ ಆ ಹೆಬ್ಬೆರಳಿನ ಚೀಲಗಳನ್ನು ತೆಗೆದು ನಮ್ಮಪ್ಪನ ಮುಂದಿಟ್ಟರು. ಅಪ್ಪ ತೊಟ್ಟು, ಮೆಟ್ಟು ಮೆಟ್ಟಿ, ಇಬ್ಬನಿಯಲ್ಲಿ ಹೊಲ ಸುತ್ತಿ ಬಂದು, "ಬೀಗಿತ್ತೇರೆ, ಕಾಲು ಬೆಚ್ಚಗೆ ಮನೇಲೆ ಇದ್ದಂಗಿತ್ತು" ಎಂದರು. ಅತ್ತೆ ನನ್ನ ಕಡೆ ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಗೌರಿ ಹಬ್ಬದ ದಿನ ಅವ್ವ ನನಗೆ ಮೊರದ ಬಾಗಿನ ಕೊಟ್ಟು ಮಡಿಲು ತುಂಬಿದಳು. ಆಮೇಲೆ ಅತ್ತೆಯ ಹತ್ತಿರ ಹೋಗಿ, "ನೀವೂ ಸೆರಗು ಒಡ್ಡಿ" ಎಂದಳು.

"ನಂಗ್ಯಾಕೆ? ನಾನೇನ್ ಈ ಮನೆ ಮಗಳಾ?" ಎಂದರು ಅತ್ತೆ.

"ಅಬ್ಬಕ್ಕೆ ಬಂದ ಮೇಲೆ ಮಗಳೇ" ಎಂದು ಅವ್ವ ಅಕ್ಕಿ ಸುರಿದಳು. ಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಇಟ್ಟಳು. ಅತ್ತೆ ಸೆರಗು ಹಿಡಿದೇ ಕೂತುಬಿಟ್ಟರು. ನೋಡನೋಡುತ್ತಿದ್ದಂತೆ ಅವರ ಕಣ್ಣಿಂದ ನೀರು ದಳದಳ ಇಳಿದು ಅಕ್ಕಿಯ ಮೇಲೆ ಬಿತ್ತು. ಹಟ್ಟಿಯ ಹೆಂಗಸರೆಲ್ಲ ಗಾಬರಿಯಾದರು.

"ನಮ್ಮವ್ವ ಸತ್ತೋದ್ಮೇಲೆ ನನ್ನ ಯಾರೂ ಕರೀಲಿಲ್ಲ ಕಣಮ್ಮಿ" ಎಂದರು ನನಗೆ. "ಅಣ್ಣ ತಮ್ಮ ಅಂತ ಇಬ್ರವ್ರೆ. ಅಬ್ಬ ಬಂದಾಗೆಲ್ಲ ಬಾಗ್ಲು ನೋಡ್ತಿದ್ದೆ. ನಿಮ್ಮಣ್ಣ ಬಂಡಿ ತಂದು ನಿಲ್ಲಿಸ್ದಾಗೆಲ್ಲ ನನ್ ಒಟ್ಟೇಲಿ ಬೆಂಕಿ ಬೀಳೋದು."

ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರೂ ಇದು ನನಗೆ ತಿಳಿದಿರಲಿಲ್ಲ. ಅವರ ಪಕ್ಕ ಕೂತು ನಾನೂ ಅತ್ತುಬಿಟ್ಟೆ. ಅವ್ವ ಇಬ್ಬರಿಗೂ ಒಬ್ಬಟ್ಟು ತಂದಿಟ್ಟಳು, ಅಳುತ್ತಲೇ ತಿಂದೆವು.

ಆಮೇಲೆ ನನಗೆ ತವರಿಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಶ್ರಾವಣ ಕಳೆಯುವ ಮುಂಚೆಯೇ ಅತ್ತೆ ಬೀದಿಯ ತಿರುವು ನೋಡಲು ಶುರುಮಾಡುತ್ತಿದ್ದರು. ಹಸು ಕರು ಹಾಕಿದರೆ ಮಾವ ನೋಡಿಕೊಳ್ಳಬೇಕು. ಬಂಡಿಯಲ್ಲಿ ಮೆತ್ತಗಿನ ಹುಲ್ಲಿರುವ ಜಾಗ ಅತ್ತೆಯದು, ನನಗೆ ಮೂಲೆ.

ಒಂದು ವರ್ಷ ನನ್ನ ಮಗಳಿಗೆ ದಡಾರ ಎದ್ದಿತ್ತು. ಮಗುವನ್ನು ಬಿಟ್ಟು ನಾನು ಹೊರಡುವ ಹಾಗಿರಲಿಲ್ಲ. ಅಣ್ಣನ ಬಂಡಿ ಬಂದು ನಿಂತಿತು. ಅತ್ತೆ ಮಗುವಿನ ಹಣೆ ಮುಟ್ಟಿ ನೋಡಿದರು, ಬಂಡಿ ನೋಡಿದರು, ನನ್ನನ್ನು ನೋಡಿದರು. "ಬೇವಿನ ಸೊಪ್ಪು ಬದಲಾಯಿಸ್ತಾ ಇರು, ಎದರ್ಕಬ್ಯಾಡ" ಎಂದು ಹೇಳಿ, ತಾವೊಬ್ಬರೇ ಬಂಡಿ ಹತ್ತಿ ನನ್ನ ತವರಿಗೆ ಹೊರಟುಹೋದರು! ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ, ಬಂಡಿ ತಿರುವು ದಾಟುವವರೆಗೂ ಬೈದುಕೊಂಡೆ.

ಹೋದವರು ಹಬ್ಬ ಕಳೆದು ಎಷ್ಟೋ ದಿನ ಬಿಟ್ಟು ಬಂದರು. ಮೈ ತುಂಬಿಕೊಂಡಿತ್ತು. ಕಾಲು ತೊಳೆದು ಒಳಗೆ ಬಂದವರು ನೀರು ಕೂಡ ಕುಡಿಯದೆ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ, "ಸೆರಗು ಒಡ್ಡು" ಎಂದರು. ಗಂಟು ಬಿಚ್ಚಿ ನನ್ನ ಮಡಿಲಿಗೆ ಅಕ್ಕಿ ಸುರಿದರು, ಬೆಲ್ಲ ಇಟ್ಟರು, ರವಿಕೆ ಕಣ ಇಟ್ಟರು. "ಅವ್ವ ಕೊಟ್ಟವ್ರೆ" ಎಂದರು. ನಾನು ಅಳುತ್ತಲೇ ಮಡಿಲನ್ನು ತಡವಿ ನೋಡಿ, ಕಾಯಿ ಎಲ್ಲಿ ಎಂದು ಕೇಳಿದೆ.

"ಎರಡು ಕೊಟ್ಟಿದ್ರು" ಎಂದು ಅತ್ತೆ ಒಂದನ್ನು ನನ್ನ ಮಡಿಲಿಗೆ ಹಾಕಿ, ಇನ್ನೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ಇದು ನಂದು, ನಮ್ಮವ್ವ ನಂಗೇ ಅಂತ ಕೊಟ್ಟಿರೋದು. ಸಾರಿಗೆ ಆಕ್ಬುಟ್ಟೀಯ, ಉಷಾರು."